ಹತ್ರದ ಮನೆಯವರಿಗೆ ಗೊತ್ತಿರ್ಲಿಲ್ವಾ?

ಅಮಾಸೆಬೈಲಿನ ನಮ್ಮ ಮನೆ ಜಗಲಿಯಲ್ಲಿ ಕೂತರೆ ಎರಡೇ ಕೆಲಸ. ಒಂದು ಘಟ್ಟದ ಕಡೆ ನೋಡುವುದು, ಇನ್ನೊಂದು ಅಮ್ಮಮ್ಮನ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಹಾಲಾಡಿ ದಾಟಿದ ಮೇಲೆ ಮೊಬೈಲಿನ ಸಿಗ್ನಲ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಹೇಳುವ ಹಾಗಿಲ್ಲ. ಹಾಗಾಗಿ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

"ನೀ ಶಾಲಿಯಗೆ ಎಂತ ಪಾಠ ಮಾಡುದ್ ಮಗಾ?" ಅಂತ ಒಂದು ಸಲ ಕೇಳಿದರು.

ಇತಿಹಾಸ ಅಂದೆ. ಯಾವ ಇತಿಹಾಸ ಅಂದರು. ಜರ್ಮನಿಯಲ್ಲಿ ಹಿಟ್ಲರ್ ಅಂತ ಒಬ್ಬ ಇದ್ದ, ಅವನ ಸರ್ಕಾರ 60 ಲಕ್ಷ ಯಹೂದಿಗಳನ್ನು ಕೊಂದುಹಾಕಿತು, ಅದನ್ನು ಒಂಬತ್ತನೇ ಕ್ಲಾಸಿನವರಿಗೆ ಹೇಳಿಕೊಡ್ತೇನೆ ಅಂದೆ. ಅಮ್ಮಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕೇಳಿದರು: "ಅಷ್ಟ್ ಜನ ಸಾಯೋತಂಕ ಹತ್ರ ಮನಿಯವ್ರಿಗೆ ಗೊತ್ತಿರ್ಲಿಲ್ಯಾ?"

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರ ಪ್ರಶ್ನೆ ಇದು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದೇ ಪಾಠ ಮಾಡಿದ ಮೇಲೆ ಈ ಪ್ರಶ್ನೆಗೆ ಬಂದು ಮುಟ್ಟಿದ್ದೆ.

ಮೊದಲ ವರ್ಷದ ಕಥೆ ಕೇಳಿ. ಪಾಠ ಮುಗಿಸಿ, "ಏನು ಕಲಿತ್ರಿ?" ಅಂದರೆ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಏನೇ ಹೇಳಿ, ಹಿಟ್ಲರ್ ಒಳ್ಳೇ ಲೀಡರ್" ಅಂದ. ಕ್ಲಾಸ್ ನಕ್ಕಿತು. ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ 'ಮೈನ್ ಕಾಂಫ್' ಎಲ್ಲಿರುತ್ತೆ ಗಮನಿಸಿದ್ದೀರಾ? ಶ್ರೀಮಂತರಾಗುವುದು ಹೇಗೆ, ಗೆಲ್ಲುವುದು ಹೇಗೆ ಅನ್ನುವ ಪುಸ್ತಕಗಳ ಪಕ್ಕದಲ್ಲಿ. ನಿಮ್ಮ ಆಫೀಸಿನಲ್ಲೂ ಯಾರೋ ಒಬ್ಬರು "ನಮ್ಮ ದೇಶಕ್ಕೆ ಅಂಥವನೊಬ್ಬ ಬೇಕಿತ್ತು ಬಿಡಿ" ಅಂತ ಕಾಫಿ ಹೀರುತ್ತಾ ಹೇಳಿರಬಹುದು.

ನನಗೆ ರೋಷ ಬಂತು. ಮರುವರ್ಷ ಹೆಣದ ರಾಶಿಗಳ ಫೋಟೋಗಳನ್ನೇ ಪ್ರೊಜೆಕ್ಟರಿನಲ್ಲಿ ಹಾಕಿದೆ. ಒಬ್ಬಳು ಹುಡುಗಿ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ ಅಂತ ಅವಳಮ್ಮ ಬಂದು ನನ್ನೆದುರು ಅತ್ತರು. ಉಳಿದ ಮಕ್ಕಳು? ಆಮೇಲಿನ ಪೀರಿಯಡ್ಡಿನಲ್ಲಿ ಆರಾಮಾಗಿ ಕ್ರಿಕೆಟ್ ಆಡುತ್ತಿದ್ದರು. ಹೆಣ ತೋರಿಸಿದರೆ ಕೆಲವರು ಹೆದರುತ್ತಾರೆ, ಕೆಲವರು ಮರಗಟ್ಟುತ್ತಾರೆ. ಅರ್ಥ ಮಾಡಿಕೊಂಡವರು ಒಬ್ಬರೂ ಇರಲಿಲ್ಲ.

ಆಮೇಲೆ ಪಾಠವನ್ನು ಬುಡದಿಂದ ಶುರು ಮಾಡಿದೆ. 1933ರ ಏಪ್ರಿಲ್: ಯಹೂದಿಗಳಿಗೆ ಸರ್ಕಾರಿ ನೌಕರಿ ಇಲ್ಲ. 1935ರ ಸೆಪ್ಟೆಂಬರ್: ನ್ಯೂರೆಂಬರ್ಗ್ ಕಾನೂನು, ಪೌರತ್ವವೂ ಇಲ್ಲ, ಬೇರೆಯವರ ಜೊತೆ ಮದುವೆಯೂ ಇಲ್ಲ. 1938ರ ನವೆಂಬರ್: ಅಂಗಡಿಗಳಿಗೆ, ಸಿನಗಾಗ್‌ಗಳಿಗೆ ಬೆಂಕಿ, ಅದೇ ತಿಂಗಳು ಮಕ್ಕಳನ್ನು ಜರ್ಮನ್ ಶಾಲೆಗಳಿಂದ ಹೊರಹಾಕಿದ್ದು. ಆಮೇಲೆ ರೇಡಿಯೋ ಕಿತ್ತುಕೊಂಡರು, ಸಾಕಿದ ನಾಯಿ ಬೆಕ್ಕನ್ನೂ ಇಟ್ಟುಕೊಳ್ಳಬಾರದು ಅಂದರು. ನಾಯಿಯ ವಿಷಯ ಬಂದಾಗ ಕ್ಲಾಸಿನಲ್ಲಿ ಸದ್ದೇ ಇರುವುದಿಲ್ಲ. ಗ್ಯಾಸ್ ಚೇಂಬರಿಗೆ ಹೋಗುವ ರೈಲು ಕೊನೆಗೆ ಬಂದದ್ದು. ಅದಕ್ಕೆ ಮುಂಚೆ ಪಾರ್ಕಿನ ಬೆಂಚು ಬೇರೆ ಆಗಿತ್ತು.

ಇದು ನಮ್ಮದಲ್ಲದ ಕಥೆ ಅನ್ನುವವರನ್ನು ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಕರಕೊಂಡು ಹೋಗ್ತೇನೆ. ಅಲ್ಲಿನ ಪೆವಿಲಿಯನ್ ಕಟ್ಟಿಸಿದ ಒಟ್ಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ಹುಡುಗ. 1933ರಲ್ಲಿ ಕೆಲಸ ಹೋಯಿತು, ಈಜಿಪ್ಟಿಗೆ ಹೋದ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. ಅವನ ಬಂಧು ಮ್ಯಾಕ್ಸ್ ಬಾರ್ನ್ ಕೂಡ ಅದೇ ವರ್ಷ ಗಾಟಿಂಗೆನ್ನಿನ ಹುದ್ದೆ ಕಳಕೊಂಡವರು. ಸಿ.ವಿ. ರಾಮನ್ ಕರೆದರು ಅಂತ 1935ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳಿದ್ದರು. ಕಾಯಂ ಹುದ್ದೆ ಮಾತ್ರ ಸಿಗಲಿಲ್ಲ. ಸ್ವಂತ ದೇಶದಿಂದ ಓಡಿಸಲ್ಪಟ್ಟವನು ನಮಗೆ ಯಾಕೆ ಅನ್ನುವ ಅರ್ಥದ ಮಾತು ಸಭೆಯಲ್ಲೇ ಬಂತು ಅಂತ ಬಾರ್ನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. 1954ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳು ಇಲ್ಲಿ ನಗುತ್ತಾರೆ. ನೊಬೆಲ್ ಬಾರದವರನ್ನು ಓಡಿಸಬಹುದಿತ್ತಾ ಅಂತ ಕೇಳಿದರೆ ನಗು ನಿಲ್ಲುತ್ತೆ.

ಹೀಗೆ ಪಾಠದ ಮೇಲೆ ನನಗೆ ಸಣ್ಣ ಜಂಬ ಬಂದಿತ್ತು. ಅದನ್ನು ಇಳಿಸಿದ್ದು ಕೊನೆ ಬೆಂಚಿನ ಒಬ್ಬ ಹುಡುಗಿ. ಬೇರೆ ಬೆಂಚಿನ ಪಾಠ ಮಾಡುತ್ತಿದ್ದೆ. "ಮಿಸ್, ನಿಮ್ಮೂರಲ್ಲಿ ಇಂಥದ್ದು ಇರ್ಲಿಲ್ವಾ?" ಅಂದಳು.

"ಇಲ್ಲಮ್ಮ, ನಮ್ಮೂರು ತುಂಬಾ ಚಿಕ್ಕದು" ಅಂದೆ. ಬೆಲ್ ಹೊಡೀತು. ಬಚಾವಾದೆ.

ಸುಳ್ಳು ಹೇಳಿದ್ದೆ. ನಮ್ಮನೆಗೆ ಬೆತ್ತ, ಬಿಳಲಿನ ಹೆಡಿಗೆ ತರುತ್ತಿದ್ದ ಕೊರಗರ ಒಬ್ಬರಿದ್ದರು. ಅಂಗಳದ ಆಚೆ ಅಡಿಕೆ ಮರದ ಬುಡದಲ್ಲಿ ಕೂರುತ್ತಿದ್ದರು. ಹೆಡಿಗೆ ಒಳಗೆ ಬರುತ್ತಿತ್ತು, ಅವರು ಬರುತ್ತಿರಲಿಲ್ಲ. ಚಾ ಕೊಡುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ. ಆ ಗೆರಟೆ ಬೇಲಿಗೆ ಸಿಕ್ಕಿಸಿಟ್ಟೇ ಇರುತ್ತಿತ್ತು. ನಮ್ಮ ತಂದೆಯ ವಯಸ್ಸಿನ ಅವರನ್ನು ಮಕ್ಕಳಾದ ನಾವೂ ಏಕವಚನದಲ್ಲೇ ಕರೆಯುತ್ತಿದ್ದೆವು. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ನಮ್ಮ ಪೀಡೆ ಅವರಿಗೆ ದಾಟಿಸುವ 'ಅಜಲು' ಅನ್ನುವ ಪದ್ಧತಿ ನಮ್ಮ ಕರಾವಳಿಯದು. ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾಯ್ದೆ ಮಾಡಿದ್ದು 2000ದಲ್ಲಿ. 1935 ಅಲ್ಲ, ಮಾರಾಯ್ರೆ. ನಾನಾಗ ಹೈಸ್ಕೂಲಿನಲ್ಲಿದ್ದೆ.

ಅಮ್ಮಮ್ಮ ಹತ್ತಿರದ ಮನೆಯವರ ಬಗ್ಗೆ ಕೇಳಿದ್ದು ಆ ವರ್ಷದ ರಜೆಯಲ್ಲೇ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಬೇಲಿ ಕಡೆ ನೋಡಿ, "ಅಮ್ಮಮ್ಮ, ಇಲ್ಲೊಂದು ಗೆರಟೆ ಇರ್ತಿತ್ತಲ್ಲ?" ಅಂದೆ.

ಸುಮಾರು ಹೊತ್ತು ಮಾತಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಳ್ಳಲೂ ಇಲ್ಲ. ಕೊನೆಗೆ, "ಗೊತ್ತಿತ್ತ್ ಮಗಾ. ಎಲ್ಲರಿಗೂ ಗೊತ್ತಿತ್ತ್. ಯಾರೂ ಕೇಂತಿರ್ಲಿಲ್ಲ" ಅಂದರು. ಆಮೇಲೆ ಮೆಲ್ಲಗೆ, "ಅವ್ನ ಹೆಸ್ರೂ ನಂಗೆ ನೆನಪಿಲ್ಲ ಕಾಣ್" ಅಂದರು. ನನಗೂ ನೆನಪಿರಲಿಲ್ಲ.

ಗೆರಟೆಯನ್ನೂ ಗ್ಯಾಸ್ ಚೇಂಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ನಾನು ಮಾಡುವುದಿಲ್ಲ. 60 ಲಕ್ಷ ಜನರನ್ನು ಪಟ್ಟಿ ಮಾಡಿ, ರೈಲಿಗೆ ತುಂಬಿ ಕೊಂದದ್ದು ಬೇರೆಯೇ. ಅದನ್ನು ಅದರ ಹೆಸರಿನಲ್ಲೇ ಹೇಳಬೇಕು. ಆದರೆ ಹತ್ತಿರದ ಮನೆಯವರ ಮೌನ ಎರಡೂ ಕಡೆ ಒಂದೇ ಥರ ಕೇಳಿಸುತ್ತೆ.

ಶಾಲೆ ತೆರೆದ ಮೇಲೆ ಆ ಹುಡುಗಿಯನ್ನು ಕರೆದೆ. ಹತ್ತನೇ ಕ್ಲಾಸಿಗೆ ಹೋಗಿದ್ದಳು. "ಹೋದ ವರ್ಷ ನೀನೊಂದು ಪ್ರಶ್ನೆ ಕೇಳಿದ್ದೆ, ನಾನು ಸುಳ್ಳು ಹೇಳಿದೆ" ಅಂದೆ. ಗೆರಟೆಯ ಕಥೆ ಹೇಳಿದೆ. ಪೂರ್ತಿ ಕೇಳಿ, "ನಮ್ಮನೇಲಿ ಕೆಲಸದ ಆಂಟಿಗೆ ಬೇರೆ ಲೋಟ ಇದೆ ಮಿಸ್" ಅಂದಳು.

ಈಗ ಪ್ರತಿ ವರ್ಷ ನ್ಯೂರೆಂಬರ್ಗ್ ಕಾನೂನಿನ ಪಾಠವಾದ ಮರುದಿನ ಗೆರಟೆಯ ಕಥೆ ಹೇಳ್ತೇನೆ. ಹೋಂವರ್ಕ್ ಒಂದೇ: ಮನೆಯಲ್ಲಿ ಬೇರೆ ಲೋಟ ಇದೆಯಾ, ನೋಡಿ ಬನ್ನಿ. ಕೆಲವು ಅಪ್ಪ-ಅಮ್ಮಂದಿರಿಗೆ ಈ ಹೋಂವರ್ಕ್ ಇಷ್ಟವಾಗಿಲ್ಲ. ಆದರೂ ಕೊಡ್ತಾ ಇದ್ದೇನೆ.