ಏಳು ಕಡಲಿನಾಚೆಯ ಪ್ರಾಣ

ಶೇಡಬಾಳದ ನಮ್ಮ ಮನೆಗೆ ರಾತ್ರಿ ಮಿರಜದ ಗಾಡಿಯ ಶಿಳ್ಳೆ ಕೇಳಿಸುತ್ತಿತ್ತು. ಅದು ಕೇಳಿಸಿತೆಂದರೆ ಅಜ್ಜಿ ಕಂದೀಲಿನ ಬತ್ತಿಯನ್ನು ಇಳಿಸಿ ಕಥೆ ಆರಂಭಿಸುತ್ತಿದ್ದಳು. ಕಥೆಯೇನೋ ನೀವೂ ಕೇಳಿದ್ದೇ. ರಾಕ್ಷಸನಿಗೆ ಸಾವಿಲ್ಲ, ಏಕೆಂದರೆ ಅವನ ಪ್ರಾಣ ಅವನ ಮೈಯಲ್ಲಿಲ್ಲ, ಏಳು ಕಡಲಿನಾಚೆ ಪಂಜರದ ಗಿಳಿಯಲ್ಲಿದೆ. ಅವನನ್ನು ಕೊಲ್ಲಹೋದವರೆಲ್ಲ ಕಲ್ಲಾಗಿ ಅವನ ಅಂಗಳದಲ್ಲಿ ನಿಂತಿದ್ದಾರೆ. ರಾಜಕುಮಾರ ಏಳನೆಯ ಕಡಲಿಗೆ ಬರುವಷ್ಟರಲ್ಲಿ ನನಗೆ ನಿದ್ದೆ! ಬೆಳಿಗ್ಗೆ ಎದ್ದು "ಆಮ್ಯಾಲೇನಾತು?" ಎಂದರೆ, "ಹಗಲಾಗ ಕಥಿ ಹೇಳಿದ್ರ ದಾರಿಹೋಕರು ದಾರಿ ತಪ್ಪತಾರ" ಎಂದು ಅಜ್ಜಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಆಮೇಲೆ ನಾನು ಓದಲು ಬೇರೆ ಊರಿಗೆ ಹೋದೆ. ಕಥೆ ಅಲ್ಲಿಗೇ ನಿಂತಿತು; ಅಜ್ಜಿಯೂ ಹೋದಳು.

ಮೊನ್ನೆ ಮಗಳು ತನ್ನ ಮೊಬೈಲಿನಲ್ಲಿ ಸ್ಟ್ರಾವಿನ್‌ಸ್ಕಿಯ 'ಬೆಂಕಿಹಕ್ಕಿ'ಯನ್ನು ಕೇಳಿಸಿದಳು. ಪಾಶ್ಚಾತ್ಯ ಸಂಗೀತವೆಂದರೆ ನನಗೆ ಅಷ್ಟಕ್ಕಷ್ಟೆ. ನಮ್ಮದು ಅಬ್ದುಲ್ ಕರೀಂ ಖಾನರ ಮಿರಜದ ಕಡೆಯ ಕಿವಿ. ಮೈಸೂರಿನ ಜಯಚಾಮರಾಜ ಒಡೆಯರು ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟರಂತೆ. ಅಂಥ ರಸಿಕತೆ ಅರಸರಿಗೇ ಸರಿ ಎಂದುಕೊಂಡು ಕುಳಿತೆ.

ಮೊದಲು ತಗ್ಗಿದ ತಂತಿವಾದ್ಯಗಳು ಕತ್ತಲಲ್ಲಿ ಯಾರೋ ನಡೆದಾಡುವಂತೆ ಗುನುಗಿದವು. ಮಗಳು ಕಥೆ ಹೇಳುತ್ತ ಹೋದಳು. ಇವಾನ್ ಎಂಬ ರಾಜಕುಮಾರ ಮಾಂತ್ರಿಕನ ತೋಟದಲ್ಲಿ ಬೆಂಕಿಯಂತೆ ಹೊಳೆಯುವ ಹಕ್ಕಿಯನ್ನು ಹಿಡಿದು, ಅದು ಬೇಡಿಕೊಂಡಾಗ ಬಿಟ್ಟುಬಿಡುತ್ತಾನೆ. ಕಷ್ಟಕಾಲಕ್ಕಾಗಲೆಂದು ಅದು ಒಂದು ಗರಿ ಕೊಡುತ್ತದೆ. ಮಾಂತ್ರಿಕ ಕಾಶ್ಚೈಗೆ ಸಾವಿಲ್ಲ. ಅವನ ಪ್ರಾಣ ಒಂದು ಮೊಟ್ಟೆಯಲ್ಲಿದೆ. ಅವನ ತೋಟದ ತುಂಬ ಕಲ್ಲಾದ ವೀರರು!

ನಾನು ನೆಟ್ಟಗೆ ಕುಳಿತೆ. ೧೯೧೦ರ ಜೂನ್ ೨೫ರಂದು ಪ್ಯಾರಿಸಿನಲ್ಲಿ ಈ ಬ್ಯಾಲೆ ಮೊದಲು ರಂಗವೇರಿದಾಗ ಸ್ಟ್ರಾವಿನ್‌ಸ್ಕಿಗೆ ೨೮ ವರ್ಷ. ನಮ್ಮ ಅಜ್ಜಿಯ ಕಥೆ ಈ ಹುಡುಗನಿಗೆ ಹೇಗೆ ಸಿಕ್ಕಿತು?

ಒಮ್ಮೆಲೇ ಧಡಾರನೆ ಬಡಿದ ಸದ್ದಿಗೆ ಮಡಿಲಲ್ಲಿದ್ದ ಚಹದ ಬಟ್ಟಲು ಅಲುಗಿತು. ಹಕ್ಕಿ ಕಾಶ್ಚೈಯನ್ನೂ ಅವನ ಪಡೆಯನ್ನೂ ಸುಸ್ತಾಗುವವರೆಗೆ ಕುಣಿಸುತ್ತದೆ. ಕುಣಿದು ಬಿದ್ದವರಿಗೆ ಜೋಗುಳ ಹಾಡಿ ಮಲಗಿಸುತ್ತದೆ. ಬಸೂನ್ ಎಂಬ ಉದ್ದನೆಯ ಊದುವ ವಾದ್ಯ ಹಾಡುವ ಆ ಜೋಗುಳದಲ್ಲಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೂ ಕಣ್ಣು ಎಳೆಯಿತು. ಅಜ್ಜಿಯ ಕಥೆಯಲ್ಲಿ ನಾನು ದಿನವೂ ಬೀಳುತ್ತಿದ್ದ ಜಾಗವೇ ಅದು.

"ಅಪ್ಪಾ, ಮಲಗಬೇಡ, ಈಗ ಮೊಟ್ಟೆ ಒಡೀತಾನ" ಎಂದು ಮಗಳು ಭುಜ ಅಲುಗಿಸಿದಳು.

ಮೊಟ್ಟೆ ಒಡೆಯಿತು. ಕೊಂಬಿನಂಥ ವಾದ್ಯವೊಂದು ಒಂಟಿಯಾಗಿ ರಷ್ಯದ ಹಳ್ಳಿಯ ಹಾಡೊಂದನ್ನು ಎತ್ತಿತು. ಒಂದೊಂದೇ ವಾದ್ಯ ಅದಕ್ಕೆ ಬಂದು ಸೇರಿತು. ಕೊನೆಗೆ ಅದೇ ಹಾಡು ಏಳು ಮಾತ್ರೆಗಳಿಗೆ ತಿರುಗಿದಾಗ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಏಳರ ಲೆಕ್ಕ ಹಾಕುತ್ತಿತ್ತು, ರೂಪಕಕ್ಕೆ ಹಾಕುವ ಹಾಗೆ. ಕಲ್ಲಾದವರು ಏಳುತ್ತಿದ್ದಾರೆ ಎಂದಳು ಮಗಳು.

ಗಿಳಿಯ ಕತ್ತು ಮುರಿದರೆ ರಾಕ್ಷಸ ಸಾಯುತ್ತಾನೆಂದು ಆಮೇಲೆ ಪುಸ್ತಕಗಳಲ್ಲಿ ಓದಿದ್ದೇನೆ. ಆದರೆ ಶೇಡಬಾಳದ ಆ ಅಂಗಳದಲ್ಲಿ ನಿಂತ ಕಲ್ಲುಗಳು ಎದ್ದವೇ? ಎದ್ದವರು ತಮ್ಮ ಊರುಗಳಿಗೆ ಹೋದರೇ? ಅಜ್ಜಿ ಅದನ್ನು ಯಾವ ದನಿಯಲ್ಲಿ ಹೇಳುತ್ತಿದ್ದಳೋ! ಎಚ್ಚರವಿದ್ದು ಕೇಳಿದವರು ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.

"ಇನ್ನೊಮ್ಮೆ ಹಚ್ಚಲೇನು?" ಎಂದಳು ಮಗಳು.

"ಹಚ್ಚು. ಜೋಗುಳ ಬಿಟ್ಟು ಮುಂದಿನದು ಹಚ್ಚು" ಎಂದೆ.