ಪ್ರಾಣವಾಯುವಿಗೂ ಒಂದು ಅಳತೆ

ನಮ್ಮ ಕೊಳಾರಕ್ಕೂ ಸಮುದ್ರಕ್ಕೂ ನೂರಾರು ಮೈಲಿಗಳ ಅಂತರ. ಬೀದರ ಸೀಮೆಯವರಾದ ನಮಗೆ ಆಳವೆಂದರೆ ಬಾವಿಯ ಆಳವೇ ಸರಿ. ಬಹುಕಾಲ ಬಳಸದ ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು ಹಿರಿಯರ ವಾಡಿಕೆ. ದೀಪವು ನಂದಿದರೆ ಇಳಿಯುತ್ತಿರಲಿಲ್ಲ. 2021ರ ಬೇಸಗೆಯಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಅಲೆದ ಮನೆಗಳಲ್ಲಿ ನಮ್ಮದೂ ಒಂದು. ಪ್ರಾಣವಾಯುವು ಕಡಮೆಯಾದರೆ ಕೇಡೆಂಬುದನ್ನು ಹೀಗೆ ಬಲ್ಲೆವು. ಹೆಚ್ಚಾದರೂ ಕೇಡೆಂಬುದನ್ನು ಅಣ್ಣನ ಮಗನಿಂದ ಕಲಿತೆವು.

ಈ ಹುಡುಗನು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಕಡಲಲ್ಲಿ ಮುಳುಗುವುದನ್ನು ಅಭ್ಯಾಸಮಾಡಿ, ಈಗ ಇನ್ನೂ ಆಳಕ್ಕೆ ಇಳಿಯುತ್ತಾನೆ. ದೀಪಾವಳಿಗೆ ಬಂದಾಗ ಅತ್ತಿಗೆಯವರು, ಇಳಿಯಲು ಕೆಲವೇ ನಿಮಿಷ ಸಾಕಾದರೆ ಏರಲು ತಾಸೇಕೆ ಬೇಕೆಂದು ಕೇಳಿದರು. ಆಳದ ಒತ್ತಡದಲ್ಲಿ ಗಾಳಿಯ ಸಾರಜನಕವು ಮೈಯೊಳಗೆ ಕರಗಿ ಸೇರುತ್ತದೆ. ಒಮ್ಮೆಲೆ ಮೇಲೆದ್ದರೆ, ಸೋಡಾಶೀಷೆಯನ್ನು ತೆರೆದಾಗಿನಂತೆ ರಕ್ತದಲ್ಲಿ ಗುಳ್ಳೆಯೇಳುತ್ತದೆ. ಆದಕಾರಣ ಮೆಟ್ಟಿಲು ಮೆಟ್ಟಿಲಾಗಿ ನಿಂತು ಏರಬೇಕೆಂದು ಹಾಲ್ಡೇನ್ ಎಂಬ ವಿಜ್ಞಾನಿಯು 1908ರಲ್ಲಿ ತೋರಿಸಿಕೊಟ್ಟನು. ಸಾರಜನಕವು ಬೇಗ ಹೊರಬೀಳಲೆಂದು ಕೊನೆಯ ಮೆಟ್ಟಿಲಿನಲ್ಲಿ ಶುದ್ಧ ಆಮ್ಲಜನಕವನ್ನೇ ಉಸಿರಾಡುತ್ತಾರೆ.

ಅಪಾಯವಿರುವುದು ಇಲ್ಲಿಯೇ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡವು ಏರುವುದು. ಒತ್ತಡ ಮೀರಿದ ಆಮ್ಲಜನಕವು ಮಿದುಳನ್ನು ಕೆಣಕಿ ಸೆಳವು ತರುವುದೆಂದು ಪಾಲ್ ಬೆರ್ ಎಂಬ ಫ್ರೆಂಚ್ ಪಂಡಿತನು 1878ರಲ್ಲಿಯೇ ಬರೆದಿಟ್ಟನು. ನೆಲದ ಮೇಲೆ ಸೆಳವು ಬಂದವನು ಚೇತರಿಸಿಕೊಂಡಾನು. ನೀರಿನೊಳಗೆ ಬಾಯಿಯ ಕೊಳವೆಯು ಜಾರಿದರೆ ಮುಳುಗಿ ಸಾಯುವನು. ತುಟಿಯ ಅದುರು, ಕಿವಿಯ ಮೊರೆತ, ಓಕರಿಕೆಗಳು ಕೆಲವೊಮ್ಮೆ ಮುನ್ಸೂಚನೆ ಕೊಡುತ್ತವೆ. ಕೆಲವೊಮ್ಮೆ ಅದೂ ಇಲ್ಲ. ಆದುದರಿಂದ ಶುದ್ಧ ಆಮ್ಲಜನಕಕ್ಕೆ 6 ಮೀಟರೇ ಎಲ್ಲೆ. ಅಲ್ಲಿ ಅದರ ಒತ್ತಡ 1.6 ವಾಯುಮಂಡಲ, ಒಂದು ಸಲಕ್ಕೆ 45 ನಿಮಿಷ ಮೀರಬಾರದೆಂಬ ಲೆಕ್ಕವುಂಟು. ನಡುನಡುವೆ ಐದು ನಿಮಿಷ ಆಮ್ಲಜನಕ ಕಡಮೆಯಿರುವ ಗಾಳಿಗೆ ಮರಳಿ ಮೈಗೆ ಬಿಡುವು ಕೊಡುತ್ತಾರೆ.

ಬಳಿಕ ಹುಡುಗನು ತಗ್ಗಿದ ದನಿಯಲ್ಲಿ ನಿಜವನ್ನು ಹೇಳಿದನು. ಒಮ್ಮೆ 21 ಮೀಟರಿನಲ್ಲಿ ಅರ್ಧ ಆಮ್ಲಜನಕವಿರುವ ಸಿಲಿಂಡರಿಗೆ ಬದಲಾಗಿ, ದಣಿವಿನಲ್ಲಿ ಶುದ್ಧ ಆಮ್ಲಜನಕದ ಕೊಳವೆಗೆ ಅವನು ಕೈಯಿಟ್ಟನಂತೆ. ಜೊತೆಗಾರನು ನಿಯಮದಂತೆ ಸಿಲಿಂಡರಿನ ಮೇಲಿದ್ದ 6 ಎಂಬ ಅಂಕಿಯನ್ನು ನೋಡಿ ಕೈ ಹಿಡಿದನು. “ಕಾಕಾ, ಬಾವ್ಯಾಗ ಇಳಿಯಾವ ದೀಪ ನೋಡ್ತಾನ, ನಾವು ಅಂಕಿ ನೋಡ್ತೀವಿ” ಎಂದು ಅವನು ನಕ್ಕನು. ನಮಗೆ ನಗು ಬರಲಿಲ್ಲ.

ಅತ್ತಿಗೆಯವರು ಬಹಳ ಹೊತ್ತು ಸುಮ್ಮನಿದ್ದರು. ಇನ್ನು ಹೋಗಬೇಡವೆನ್ನುವರೆಂದು ನಾವು ಎಣಿಸಿದ್ದೆವು. ಅವರು ಅಂದದ್ದು ಇಷ್ಟೇ: “ಆ ಹುಡುಗನ್ನ ಬಿಟ್ಟು ಒಬ್ಬನೇ ಇಳೀಬ್ಯಾಡ.”

ಅಂದಿನಿಂದ ನಮ್ಮ ಮನೆಯಲ್ಲಿ ಔಷಧ ಕೊಡುವವರು ಶೀಷೆಯ ಮೇಲಿನ ಹೆಸರನ್ನೂ ಅಳತೆಯನ್ನೂ ಗಟ್ಟಿಯಾಗಿ ಓದಿ, ಇನ್ನೊಬ್ಬರಿಗೆ ತೋರಿಸಿಯೇ ಕೊಡುತ್ತಾರೆ. ಪ್ರಾಣ ಉಳಿಸುವ ವಸ್ತುವೆಂದು ಅಳತೆಯನ್ನು ಮರೆಯಲಾಗದು. ಒಬ್ಬರ ಕಣ್ಣು ದಣಿದಾಗ ಇನ್ನೊಬ್ಬರ ಕಣ್ಣು ಬೇಕು.