ಬಂದೂಕಿನ ಪರೀಕ್ಷೆ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಳೆಯ ಸೈಕಲ್ಲು ಕೊಳ್ಳುವವನು ಚಕ್ರವನ್ನೆತ್ತಿ ತಿರುಗಿಸಿ, ಕಿವಿಗೊಟ್ಟು ಕೇಳುತ್ತಾನೆ. ಹಳೆಯ ಬೇಟೆಯ ಬಂದೂಕನ್ನು ಕೊಳ್ಳುವವನು ಏನು ನೋಡಬೇಕು? ಪಟ್ಟಣದಲ್ಲಿರುವ ತಮಗೆ ಈ ಪ್ರಶ್ನೆ ಎದುರಾಗಿರಲಾರದು. ನನಗೆ 1966ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಎದುರಾಯಿತು. ನಾನು ಅದಕ್ಕೆ ಬಹಳ ಜಾಣತನದಿಂದ ತಪ್ಪು ಉತ್ತರ ಕೊಟ್ಟೆ.

ಜೇವರ್ಗಿ ತಾಲ್ಲೂಕಿನಲ್ಲಿ ನನ್ನ ಸೋದರಮಾವನ ಹೊಲ ಭೀಮೆಯ ದಂಡೆಗೆ ಹತ್ತಿತ್ತು. ಎರೆಯ ಭೂಮಿ, ಹಿಂಗಾರಿ ಜೋಳ ಆಳೆತ್ತರ ಬೆಳೆಯುತ್ತಿತ್ತು. ಬೆಳೆದದ್ದನ್ನು ಮನೆಗೆ ತರುವುದೇ ಕಷ್ಟ. ಮೊಳಕೆಯಲ್ಲಿ ಚಿಗರಿಯ ಹಿಂಡು ಬಂದು ಮೇಯುತ್ತಿತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ಹೊಳೆಯ ಜಾಲಿಯ ಮೆಳೆಗಳಿಂದ ಕಾಡುಹಂದಿಗಳು ಏಳುತ್ತಿದ್ದವು. ತಮಟೆ, ಕವಣೆ, ಬೆಂಕಿ ಎಲ್ಲ ಮುಗಿದ ಮೇಲೆ ಮಾವ ಬೆಳೆ ಕಾಯುವುದಕ್ಕೆಂದು ಬಂದೂಕಿನ ಪರವಾನಗಿ ಪಡೆದ. ಪರವಾನಗಿ ಬಂತು, ಹೊಸ ಬಂದೂಕಿಗೆ ಹಣ ಬರಲಿಲ್ಲ. ಅಷ್ಟರಲ್ಲಿ ಅಫಜಲಪುರದ ಬೀಗರು ಒಂದು ಸುದ್ದಿ ತಂದರು: ಆಳಂದದಲ್ಲಿ ಒಬ್ಬ ಹಿರಿಯ ಸಾಹೇಬರು ತಮ್ಮ ರೈಫಲ್ಲನ್ನು ಕೊಡಬೇಕೆಂದಿದ್ದಾರೆ.

ಆಗ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಗಿತ್ತು. 1962ರ ಚೀನಾ ಯುದ್ಧದ ಬಿಸಿಯಲ್ಲಿ ಮರುವರ್ಷ ಬಂದ ಕಡ್ಡಾಯ ಅದು, 1968ರಲ್ಲಿ ತೆಗೆದುಹಾಕಿದರು. ರೈಫಲ್ಲಿನ ಭಾಗಗಳ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಹೇಳುತ್ತಿದ್ದ ನನ್ನನ್ನು ಮಾವ ದೊಡ್ಡ ಪರಿಣತನೆಂದು ತಿಳಿದ.

"ಅಳಿಯಾ, ನಾಳಿ ನನ್ನ ಕೂಡ ಆಳಂದಕ್ಕ ಬಾ. ಯಾವ ಸಾಮಾನು ಅದ, ಯಾವುದು ಇಲ್ಲ, ನೀನೇ ನೋಡಿ ಹೇಳು" ಎಂದ.

ಸಾಹೇಬರದು ಹಳೆಯ ಕಲ್ಲಿನ ಮನೆ. 1949ರಲ್ಲಿ ಜಹಗೀರುಗಳು ರದ್ದಾದ ಮೇಲೆ ಆ ಮನೆಯಲ್ಲಿ ಉಳಿದದ್ದು ದೊಡ್ಡ ಬಾಗಿಲು, ಒಳಗಡೆ ಒಂದು ಬಾವಿ, ಮತ್ತು ಗೋಡೆಯ ಮೇಲಿನ ಈ ಬಂದೂಕು. ಚಹಾ ಕುಡಿಸಿ, ಬಂದೂಕನ್ನು ಜಮಖಾನೆಯ ಮೇಲೆ ಮಲಗಿಸಿದರು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ .315 ರೈಫಲ್ಲು. ಸೈನ್ಯದ .303 ಗುಂಡು ಖಾಸಗಿಯವರ ಕೈಸೇರಬಾರದೆಂದು ಬ್ರಿಟಿಷ್ ಸರ್ಕಾರ ಆ ಅಳತೆಯನ್ನು ನಿಷೇಧಿಸಿದ್ದರಿಂದ ಹಿಂದುಸ್ಥಾನದ ಬೇಟೆಗಾರರಿಗಾಗಿ ಈ ಬೇರೆ ಅಳತೆ ಬಳಕೆಗೆ ಬಂದಿತ್ತು. ಒಳಗಿನ ಯಂತ್ರ ಮಾತ್ರ ನಮ್ಮ ಎನ್.ಸಿ.ಸಿ. ರೈಫಲ್ಲಿನದೇ ವಂಶ. ನನಗೆ ಧೈರ್ಯ ಬಂತು.

ಬೋಲ್ಟನ್ನು ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆ ತಿರುವಿ ಹೊರತೆಗೆದೆ. ನಳಿಗೆಯ ಹಿಂದೆ ಹೆಬ್ಬೆರಳ ಉಗುರನ್ನು ಬೆಳಕಿಗೆ ಹಿಡಿದು ಮೂತಿಯಿಂದ ಇಣುಕಿದೆ. ಒಳಗಿನ ಸುರುಳಿಗೆರೆಗಳು ಸ್ವಚ್ಛವಾಗಿದ್ದವು. ಮುಂದಿನ ಗುರಿ, ಹಿಂದಿನ ಗುರಿ, ಮ್ಯಾಗಜೀನು, ಅದರ ಸ್ಪ್ರಿಂಗು, ಸೇಫ್ಟಿ, ಪಟ್ಟಿಯ ಕೊಂಡಿಗಳು, ಹಿಡಿಯ ತಗಡು, ಒಂದೊಂದನ್ನೂ ಗಟ್ಟಿಯಾಗಿ ಹೆಸರು ಹೇಳುತ್ತ ಬೆರಳಿಟ್ಟು ತೋರಿಸಿದೆ. ಮಾವ ತಲೆದೂಗುತ್ತಿದ್ದ. ಕಡೆಗೆ ನನ್ನ ಕಣ್ಣು ಬೋಲ್ಟಿನ ಹಿಡಿಕೆಯ ಮೇಲಿನ ನಂಬರಿಗೆ ಬಿತ್ತು. ಬಂದೂಕಿನ ಮೈಮೇಲೆ ಒಂದು ನಂಬರು, ಬೋಲ್ಟಿನ ಮೇಲೆ ಇನ್ನೊಂದು!

ಇದು ಸಣ್ಣ ಮಾತಲ್ಲ. ಪ್ರತಿಯೊಂದು ಬೋಲ್ಟನ್ನೂ ಅದರದರ ಬಂದೂಕಿಗೆ ಕೂಡಿಸಿ, ಕಾಡತೂಸಿನ ಹಿಂದೆ ಉಳಿಯುವ ಕೂದಲೆಳೆಯ ಅಂತರವನ್ನು ಕಾರ್ಖಾನೆಯಲ್ಲಿ ಅಳೆದು ನಂಬರು ಒತ್ತುತ್ತಾರೆ. ಪರರ ಬೋಲ್ಟು ಬಂದು ಆ ಅಂತರ ಹೆಚ್ಚಾದರೆ, ಹಾರಿಸಿದಾಗ ಹಿತ್ತಾಳೆಯ ಕೋಶ ಹರಿದು, ಉರಿಯುವ ಅನಿಲ ಹಾರಿಸುವವನ ಕಣ್ಣಿಗೇ ಬರಬಹುದು. ನಾನು ಇದನ್ನೆಲ್ಲ ಉಪನ್ಯಾಸದಂತೆ ಹೇಳಿ, "ಇದರ ಮೂಲ ಬೋಲ್ಟು ಎಲ್ಲಿ?" ಎಂದು, ಕಳ್ಳನನ್ನು ಹಿಡಿದ ಪೊಲೀಸಿನವನ ಧಾಟಿಯಲ್ಲಿ ಕೇಳಿದೆ.

ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಡುಗನ ಕಣ್ಣು ಚುರುಕ ಅದ" ಎಂದರು. "ಮೊದಲಿನ ಬೋಲ್ಟು ಬಾವ್ಯಾಗ ಅದ."

"ಬಾವ್ಯಾಗ ಹ್ಯಾಂಗ ಬಿತ್ರಿ, ಸಾಹೇಬ್ರ?" ಎಂದ ಮಾವ.

"ಬೀಳಲಿಲ್ಲ ಗೌಡ್ರ. ನಾನೇ ಒಗದೀನಿ."

1948ರ ಮಾತು. ಊರೂರುಗಳಲ್ಲಿ ರಜಾಕಾರರು ತಿರುಗುತ್ತಿದ್ದ ಕಾಲ. ಸಾಹೇಬರ ಬಂದೂಕು ಅವರಿಗೆ ಬೇಕಾಗಿತ್ತು. ಕೊಟ್ಟರೆ ಅದು ಯಾರ ಎದೆಗೆ ಗುರಿಯಾಗುವುದೆಂದು ಸಾಹೇಬರಿಗೆ ಗೊತ್ತಿತ್ತು. ಕೊಡದಿದ್ದರೆ ತಮ್ಮ ಗತಿ ಏನೆಂಬುದೂ ಗೊತ್ತಿತ್ತು. ರಾತ್ರಿ ಎದ್ದು ಬೋಲ್ಟನ್ನು ಬಾವಿಗೆ ಒಗೆದರು. ಬೆಳಗ್ಗೆ ಬಂದವರಿಗೆ, ಕೆಟ್ಟಿದೆ, ರಿಪೇರಿಗೆ ಕಳಿಸಿದ್ದೇನೆ ಎಂದು ತೋರಿಸಿದರು. ಅವರು ಬೈದು ಹೋದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಅನಂತರದ ದಿನಗಳಲ್ಲಿ ಸೇಡಿಗೆ ಹೊರಟ ಬೇರೆ ಗುಂಪು ಬಂತು. ಅವರಿಗೂ ಬಂದೂಕು ಬೇಕಾಗಿತ್ತು. ಅವರೂ ನೋಡಿ, ಬೈದು ಹೋದರು.

"ಬೋಲ್ಟಿಲ್ಲದ ಬಂದೂಕ ಅಂದ್ರ ಏನ್ರಿ? ಬಡಿಗಿ. ಬಡಿಗಿ ಯಾರರೆ ಒಯ್ದಾರೇನು?" ಎಂದು ಸಾಹೇಬರು ನಕ್ಕರು. ಆದರೆ ಚಹಾದ ಬಟ್ಟಲನ್ನು ಎತ್ತಿದ ಕೈ ಸ್ಥಿರವಾಗಿರಲಿಲ್ಲ. ಆ ದಿನಗಳಲ್ಲಿ ಏನೇನು ನಡೆಯಿತೆಂದು ನೋಡಲು ಬಂದ ಪಂಡಿತ ಸುಂದರಲಾಲರ ಸಮಿತಿ, ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಕಲಬುರ್ಗಿಯನ್ನೂ ಹೆಸರಿಸಿತ್ತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲವಾಗಿ ಅಂದು ಅದೇನೂ ನನಗೆ ತಿಳಿಯದು. ಈ ಎರಡನೆಯ ಬೋಲ್ಟನ್ನು ಸಾಹೇಬರು ಶಾಂತಿ ನೆಲೆಸಿದ ಎಷ್ಟೋ ವರ್ಷಗಳ ಮೇಲೆ ಹೈದರಾಬಾದಿನಿಂದ ತರಿಸಿದ್ದರು.

ನಂಬರಿನ ನೆಪದಿಂದ ಬೆಲೆ ಇಳಿಸಬಹುದೆಂದು ನಾನು ಮಾವನಿಗೆ ಕಣ್ಸನ್ನೆ ಮಾಡಿದೆ. ಮಾವ ನನ್ನತ್ತ ನೋಡಲೇ ಇಲ್ಲ. ಸಾಹೇಬರು ಹೇಳಿದ ಬೆಲೆಗೇ ಒಪ್ಪಿದ. ದಾರಿಯಲ್ಲಿ ನಾನು ಗೊಣಗಿದ್ದಕ್ಕೆ, "ಬೋಲ್ಟ ಒಗದಿದ್ದಕ್ಕ ರೊಕ್ಕ ಹಿಡಿಯೂದೇನಪಾ?" ಎಂದಷ್ಟೇ ಹೇಳಿದ.

ಕಾಗದಪತ್ರ ಮುಗಿದು ಬಂದೂಕು ಕೈಗೆ ಬಂದ ಮೇಲೆ, ಹಾರಿಸುವ ಮೊದಲು, ಮಾವ ಅದನ್ನು ಹೈದರಾಬಾದಿನ ಒಬ್ಬ ಬಂದೂಕಿನ ಮಿಸ್ತ್ರಿಯ ಬಳಿಗೆ ಒಯ್ದ. ನಾನೂ ಜೊತೆಗಿದ್ದೆ. ಮಿಸ್ತ್ರಿ ಅಳತೆಯ ತುಂಡುಗಳನ್ನು ಹಾಕಿ ನೋಡಿ, ಅಂತರ ಸರಿಯಾಗಿದೆ, ಬೋಲ್ಟು ಹೊರಗಿನದಾದರೂ ಒಳ್ಳೆಯವನು ಕೂಡಿಸಿದ್ದಾನೆ ಎಂದ. ನಂತರ ಒಂದು ಖಾಲಿ ಕೋಶವನ್ನು ಒಳಗಿಟ್ಟು, ಬೋಲ್ಟು ಮುಚ್ಚಿ, ಹಿಂದಕ್ಕೆಳೆದ. ಬೋಲ್ಟು ಬಂತು, ಕೋಶ ಬರಲಿಲ್ಲ. ಮತ್ತೆ ಮಾಡಿದ, ಮತ್ತೆ ಬರಲಿಲ್ಲ.

ಬೋಲ್ಟಿನ ತಲೆಯಲ್ಲಿ ಖಾಲಿ ಕೋಶವನ್ನು ಹಿಡಿದೆಳೆಯುವ ಒಂದು ಕೊಕ್ಕೆ ಇರುತ್ತದೆ. ಕೊಕ್ಕೆ ಇತ್ತು. ನಾನು ಹೆಸರು ಹೇಳಿ ತೋರಿಸಿಯೂ ಇದ್ದೆ. ಅದನ್ನು ಒತ್ತಿ ಹಿಡಿಯುವ, ಉಗುರಿನಷ್ಟು ಗಾತ್ರದ ಸ್ಪ್ರಿಂಗು ಇರಲಿಲ್ಲ. ಸ್ಪ್ರಿಂಗಿಲ್ಲದಿದ್ದರೆ ಕೊಕ್ಕೆ ಕೋಶದ ಅಂಚನ್ನು ಕಚ್ಚುವುದಿಲ್ಲ. ಮೊದಲ ಗುಂಡು ಹಾರುತ್ತದೆ, ಎರಡನೆಯದಕ್ಕೆ ಜಾಗವಿರುವುದಿಲ್ಲ.

"ಮೊದಲನೇ ಗುಂಡಿಗೆ ಹಂದಿ ಬೀಳದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಮಿಸ್ತ್ರಿ ಮಾವನನ್ನು ಕೇಳಿದ. ಪೆಟ್ಟು ತಿಂದ ಹಂದಿ ಓಡಿಹೋಗುವುದಿಲ್ಲ, ಎದುರಿಗೇ ಬರುತ್ತದೆ. ಜೋಳದ ಹೊಲದಲ್ಲಿ ಹತ್ತುವುದಕ್ಕೆ ಮರವೂ ಇರುವುದಿಲ್ಲ. ಮಾವ ಏನೂ ಹೇಳಲಿಲ್ಲ. ನನ್ನ ಬೆವರು ಮಾತ್ರ ಇಳಿಯಿತು.

ಲೆಕ್ಕ ಹೀಗಾಯಿತು: ನಾನು ಹಿಡಿದ ದೋಷ ದೋಷವಾಗಿರಲಿಲ್ಲ, ನಿಜವಾದ ದೋಷವನ್ನು ನಾನು ಹಿಡಿಯಲಿಲ್ಲ. ಇಲ್ಲದ ದೋಷಕ್ಕಾಗಿ ಒಬ್ಬ ಹಿರಿಯರ ಬಾಯಿಂದ ಅವರು ಮರೆಯಬೇಕೆಂದಿದ್ದುದನ್ನೆಲ್ಲ ಆಡಿಸಿದೆ. ಇದ್ದ ದೋಷವನ್ನು ಮಾವನ ಕೈಗೆ ಕೊಟ್ಟು ಹೊಲಕ್ಕೆ ಕಳಿಸುವವನಿದ್ದೆ. ಹೆಸರು ಬಲ್ಲವನು ವಸ್ತುವನ್ನು ಬಲ್ಲನೆಂದು ಅಂದಿನಿಂದ ನಾನು ನಂಬಿಲ್ಲ. ಖಾಲಿ ಕೋಶವೊಂದನ್ನು ಹಾಕಿ ಎಳೆದಿದ್ದರೆ ಸಾಕಿತ್ತು. ಆದರೆ ಬಾಯಿಪಾಠದಲ್ಲಿ ಅದು ಇರಲಿಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಬೇಟೆಯ ಕಾಲ ಮುಗಿಯಿತು. ಬಂದೂಕು ಗೋಡೆ ಸೇರಿತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಇಟ್ಟು ಬರುವುದು, ಮುಗಿದ ಮೇಲೆ ತರುವುದು, ಇಷ್ಟೇ ಅದರ ತಿರುಗಾಟ. ಮಾವ ತೀರಿಕೊಂಡ ಮೇಲೆ ಅದು ಅವನ ಮಗನ ಪರವಾನಗಿಗೆ ಬಂತು. ಈಗ ಅವನಿಗೂ ಬೇಡವಾಗಿದೆ. ಕೊಳ್ಳುವವನಿಗೂ ಪರವಾನಗಿ ಬೇಕು. ಮಾರುವ ಮೊದಲು ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಅದೆಲ್ಲ ನಡೆದಿದೆ.

ಮೊನ್ನೆ ಅವನು ಫೋನು ಮಾಡಿದ್ದ. "ಅಣ್ಣಾ, ತಗೊಳ್ಳಾಂವ ಬಂದು ನೋಡಿ ಹೋದ. ಬೋಲ್ಟಿನ ನಂಬರ ಬ್ಯಾರೆ ಅದ, ಯಾಕ ಅಂತ ಕೇಳ್ಲತ್ತಾನ. ಏನಂತ ಹೇಳ್ಲಿ?"

ಬಾವಿಯ ಮಾತು ಹೇಳು ಎಂದೆ. ಅದಕ್ಕೆ ಮೊದಲು ಒಂದು ಖಾಲಿ ಕೋಶ ಹಾಕಿ ಎಳೆದು ತೋರಿಸು, ಎಂದೆ.